ಗೋವಾ ಮಳೆಗೆ ಮೊಣಕಾಲುದ್ದದ ಗಂಬೂಟು: ಕೊಳ್ಳುವ ಮೊದಲು ಮಡಚಿ ನೋಡಿ, ಕುಕ್ಕರಗಾಲಲ್ಲಿ ಕೂತು ನೋಡಿ

ಮೊಣಕಾಲಿನವರೆಗೆ ಬರುವ, ನೀರು ಒಳಗೆ ಬಿಡದ ಗಟ್ಟಿ ಬೂಟು ಬೇಕು ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ‘ಹಂಟಿಂಗ್ ಬೂಟ್’ ಅನ್ನೋ ಹೆಸರಿನವೇ ಜಾಸ್ತಿ ಬರುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶೋಕಿಗೆ ಬೇಟೆಯಾಡುವ ಮಾತೇ ಇಲ್ಲ. ಗೋವಾದಲ್ಲಿ ಮೊದಲ ಮಳೆ ಬಿದ್ದ ರಾತ್ರಿ ಟಾರ್ಚು ಹಿಡಿದು ಗದ್ದೆಗಿಳಿದು ‘ಜಂಪಿಂಗ್ ಚಿಕನ್’, ಅಂದರೆ ಬುಲ್‌ಫ್ರಾಗ್ ಕಪ್ಪೆ ಹಿಡಿಯುವವರು ಇದ್ದಾರೆ. ಅದೂ ಅಪರಾಧವೇ. ಅದಕ್ಕೆ ಬೂಟು ಬೇಕಿದ್ದವರು ಓದೋದನ್ನ ಇಲ್ಲೇ ನಿಲ್ಲಿಸಬಹುದು. ಮೊಲೆಂ, ಕೋಟಿಗಾಂವ್ ಕಾಡು, ಗಡಿ ದಾಟಿ ಮಹಾರಾಷ್ಟ್ರದ ಆಂಬೋಲಿ ಕಡೆ ಮಳೆಗಾಲದ ರಾತ್ರಿ ಕಪ್ಪೆ, ಹಾವು ನೋಡಲು ಹೋಗುವವರಿಗೆ, ಸ್ವಂತ ತೋಟ ಗದ್ದೆ ಇರುವವರಿಗೆ ಇದು.

ಬೇಟೆ ಬೂಟುಗಳಿಂದ ಕಲಿಯೋದು ಮಾತ್ರ ತುಂಬ ಇದೆ. ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ. ಅದನ್ನೇ ಹಿಡಿದು ಫ್ರಾನ್ಸಿನ ಏಗಲ್ ಕಂಪನಿ 1853ರಿಂದ ರಬ್ಬರ್ ಬೂಟು ಮಾಡುತ್ತಾ ಬಂದಿದೆ. ಬಟ್ಟೆಯ ಒಳಪದರದ ಮೇಲೆ ರಬ್ಬರ್ ಹಾಳೆಗಳನ್ನು ಒಂದೊಂದಾಗಿ ಅಂಟಿಸಿ, ಆಮೇಲೆ ಇಡೀ ಬೂಟನ್ನು ಬೇಯಿಸುತ್ತಾರೆ. ಇಂಥವು ಇಲ್ಲಿಗೆ ಬರುವ ಹೊತ್ತಿಗೆ ಬೆಲೆ ಹತ್ತು ಸಾವಿರ ದಾಟಿರುತ್ತದೆ. ಅವುಗಳಲ್ಲಿ ಒಳಗೆ ನಿಯೋಪ್ರೀನ್, ಅಂದರೆ ಸ್ಪಂಜಿನಂಥ ಕೃತಕ ರಬ್ಬರ್, ಇರುವವನ್ನು ಮಾತ್ರ, ಎಷ್ಟೇ ಡಿಸ್ಕೌಂಟ್ ಇದ್ದರೂ, ತಗೋಬೇಡಿ. ಆ ದಪ್ಪ ಪದರ ಇರೋದೇ ಹಿಮದ ಚಳಿಗೆ. ವಾಸ್ಕೋದ ಜುಲೈ ಸೆಖೆಯಲ್ಲಿ ಅದನ್ನು ಹಾಕಿಕೊಂಡು ಅರ್ಧ ಗಂಟೆ ನಡೆದರೆ ಹೊರಗಿನ ಮಳೆಗಿಂತ ಒಳಗಿನ ಬೆವರಿಗೇ ಕಾಲು ನೆನೆದಿರುತ್ತದೆ.

‘ವಾಟರ್‌ಪ್ರೂಫ್’ ಅನ್ನೋ ಚೀಟಿ ನೋಡಿ ಮರುಳಾಗಬೇಡಿ. ಅಂಗಡಿಯಲ್ಲಿರುವ ಯಾವ ಗಂಬೂಟು ತಾನೇ ಮೊದಲ ದಿನ ಸೋರುತ್ತದೆ? ಎಲ್ಲಿ ಒಡೆಯುತ್ತದೆ, ಎಷ್ಟು ದಿನಕ್ಕೆ ಒಡೆಯುತ್ತದೆ ಅನ್ನೋದೇ ಪ್ರಶ್ನೆ. ಒಡೆಯೋದು ಹೆಚ್ಚಾಗಿ ಎರಡೇ ಜಾಗದಲ್ಲಿ: ಹೆಜ್ಜೆ ಹಾಕುವಾಗ ಮಡಿಕೆ ಬೀಳುವ ಕಡೆ, ಪಾದದ ಬೆರಳುಗಳ ಹಿಂದೆ ಮತ್ತು ಕಣಕಾಲಿನ ಮುಂದೆ. ಹಾಗಾಗಿ ಅಂಗಡಿಯಲ್ಲಿ ಬೂಟನ್ನು ಕೈಗೆ ತಗೊಂಡು ಅಲ್ಲೇ ಚೆನ್ನಾಗಿ ಮಡಚಿ. ಮಡಚಿದ ಕಡೆ ಬಿಳಿ ಗೆರೆ ಬಿದ್ದು ಹಾಗೇ ಉಳಿದರೆ, ಅಥವಾ ಬಿಟ್ಟ ಮೇಲೆ ಸೋಮಾರಿಯಾಗಿ ನಿಧಾನಕ್ಕೆ ನೆಟ್ಟಗಾದರೆ, ವಾಪಸ್ ಇಟ್ಟುಬಿಡಿ. ಅಂಗಡಿಯವರು ಗೊಣಗಬಹುದು, ಗೊಣಗಲಿ.

ನಮ್ಮ ಬಜಾರಿನಲ್ಲಿ ಸಿಗುವವು ಬಹುಪಾಲು ಪಿವಿಸಿ. ಅಚ್ಚಿನಲ್ಲಿ ಸುರಿದು ಮಾಡಿದ್ದಕ್ಕೆ ಮುಂದೆ ಹಿಂದೆ ಒಂದೊಂದು ಸಣ್ಣ ಏಣು ಓಡಿರುತ್ತದೆ, ಮೈ ಹೊಳೆಯುತ್ತದೆ, ಪ್ಲಾಸ್ಟಿಕ್ ವಾಸನೆ. ರಬ್ಬರಿನದಾದರೆ ಮೈ ಮಂಕು, ಮುಟ್ಟಿದರೆ ಸ್ವಲ್ಪ ಅಂಟಿದ ಹಾಗೆ, ತುಂಡು ತುಂಡು ಹಾಳೆ ಕೂಡಿಸಿದ ಅಂಚು ಕಾಣುತ್ತದೆ. ಪಿವಿಸಿ ಕೆಟ್ಟದ್ದು ಅಂತಲ್ಲ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ತೋಟಕ್ಕೆ ಇಳಿದು ಗಂಟೆಯೊಳಗೆ ವಾಪಸ್ ಬರುವವರಿಗೆ ಧಾರಾಳವಾಗಿ ಸಾಕು. ಆದರೆ ರಾತ್ರಿಯಿಡೀ ಏರು ಇಳುಕಲು ನಡೆಯುವವರು ಸ್ವಲ್ಪ ದುಡ್ಡು ಸೇರಿಸಿ ರಬ್ಬರಿನದನ್ನೇ ತಗೊಳ್ಳಿ. ಕಾಲಿನ ಜೊತೆ ಬಗ್ಗುತ್ತದೆ, ಒದ್ದೆ ಕಲ್ಲಿನ ಮೇಲೆ ಹಿಡಿತವೂ ಜಾಸ್ತಿ. ಐಎಸ್‌ಐ ಗುರುತಿನ ಹತ್ತಿರ ಸಂಖ್ಯೆ ನೋಡಿದರೂ ತಿಳಿಯುತ್ತದೆ: ರಬ್ಬರ್ ಬೂಟಿಗೆ ಐಎಸ್ 5557, ಪಿವಿಸಿಗೆ ಐಎಸ್ 12254. ಮೀನಿನ ಜೆಟ್ಟಿಯಲ್ಲಿ ಕೆಲಸ ಇರುವವರದು ಬೇರೆ ಲೆಕ್ಕ. ಡೀಸೆಲ್, ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಅಲ್ಲಿಗೆ ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಬೆರೆಸಿದ ಪಿವಿಸಿಯೇ ಸರಿ.

ಅಳತೆ ನೋಡಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಕಾಡಿಗೆ ಹಾಕುವ ದಪ್ಪ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಹತ್ತಿಯ ಸಾಕ್ಸ್ ಬೇಡ, ಬೆವರು ಹೀರಿ ಒಣಗದೆ ಬೊಬ್ಬೆ ಎಬ್ಬಿಸುತ್ತದೆ. ಉಣ್ಣೆ ಬೆರೆತದ್ದು ಅಥವಾ ಪಾಲಿಯೆಸ್ಟರ್ ಇರಲಿ. ನಡೆಯುವಾಗ ಹಿಮ್ಮಡಿ ಸ್ವಲ್ಪ ಏಳುತ್ತದೆ, ಗಂಬೂಟಿಗೆ ಲೇಸ್ ಇಲ್ಲವಲ್ಲ. ಆದರೆ ಹೆಜ್ಜೆ ಹೆಜ್ಜೆಗೂ ಪಚಕ್ ಪಚಕ್ ಅಂತ ಏಳುತ್ತಿದ್ದರೆ ಒಂದು ನಂಬರ್ ಕಡಿಮೆ ನೋಡಿ, ಇಲ್ಲವೇ ಒಳಗೆ ಇನ್ನೊಂದು ಇನ್‌ಸೋಲ್ ಹಾಕಿ. ಕೆಸರು ಅಂಥ ಬೂಟನ್ನು ಕಾಲಿಂದ ಕಿತ್ತುಕೊಂಡೇ ಬಿಡುತ್ತದೆ.

ಇನ್ನು ಎತ್ತರ. ಜನ ನಿಂತು ನೋಡಿ ‘ಸರಿ ಇದೆ’ ಅಂದು ದುಡ್ಡು ಕೊಟ್ಟು ಬರುತ್ತಾರೆ. ನೀವು ಅಂಗಡಿಯಲ್ಲೇ ಕುಕ್ಕರಗಾಲಲ್ಲಿ ಕೂತುಕೊಳ್ಳಿ, ಕಪ್ಪೆಯ ಫೋಟೊ ತೆಗೆಯುವಾಗ, ಸಸಿ ನೆಡುವಾಗ ಕೂರೋದು ಹಾಗೇ ಅಲ್ವಾ. ಬೂಟಿನ ಹಿಂದಿನ ಅಂಚು ಮೊಣಕಾಲಿನ ಹಿಂಭಾಗಕ್ಕೆ ಒತ್ತಿದರೆ ಅದು ನಿಮಗೆ ಉದ್ದ ಜಾಸ್ತಿ. ಮೊಣಕಾಲಿನ ಮಡಿಕೆಯಿಂದ ಎರಡು ಬೆರಳು ಕೆಳಗೆ ನಿಲ್ಲಬೇಕು. ಮೀನಖಂಡ ದಪ್ಪ ಇರುವವರು ಟೇಪು ಹಿಡಿದು ಅತಿ ದಪ್ಪ ಜಾಗದ ಸುತ್ತಳತೆ ತಗೊಂಡು ಹೋಗಿ, ಬಕಲ್ ಇಟ್ಟು ಸಡಿಲ ಮಾಡಿಕೊಳ್ಳುವಂಥದ್ದು ಹುಡುಕಿ. ಕಾಲು ತೆಳ್ಳಗಿರುವವರ ಕಷ್ಟ ಇನ್ನೊಂದು: ಬಾಯಿ ಅಗಲ ಇದ್ದಷ್ಟೂ ಮಳೆ ನೇರ ಒಳಗೇ ಇಳಿಯುತ್ತದೆ. ಅದಕ್ಕೇ ಜೋರು ಮಳೆಯಲ್ಲಿ ರೇನ್ ಪ್ಯಾಂಟು ಬೂಟಿನ ಹೊರಗೇ ಇರಬೇಕು. ಒಳಗೆ ಸಿಕ್ಕಿಸಿದಿರೋ, ತೊಡೆಯ ಮೇಲೆ ಬಿದ್ದ ನೀರೆಲ್ಲ ಅಂಗಾಲಿಗೆ ಬಂದು ನಿಲ್ಲುತ್ತದೆ. ಇಂಬಳ ಬೂಟಿನ ಮೇಲೂ ಹತ್ತಿ ಬರುತ್ತದೆ, ಒಳಗೆ ಮೊಣಕಾಲು ಮುಚ್ಚುವ ಲೀಚ್ ಸಾಕ್ಸ್ ಇದ್ದರೆ ಚಿಂತೆ ಕಡಿಮೆ.

ಅಡಿಭಾಗ ತಿರುಗಿಸಿ ನೋಡಿ. ಹಲ್ಲುಗಳ ನಡುವೆ ನಿಮ್ಮ ಕಿರುಬೆರಳು ಹೋಗುವಷ್ಟು ಸಂದು ಇದ್ದರೆ ಕೆಸರು ತಾನೇ ಉದುರುತ್ತದೆ. ಸಂದು ಕಿರಿದಾದರೆ ಹತ್ತು ಹೆಜ್ಜೆಗೆ ಮಣ್ಣು ತುಂಬಿ ಅಡಿಯೆಲ್ಲ ನುಣ್ಣಗೆ. ಜಂಬಿಟ್ಟಿಗೆ ಕಲ್ಲಿನ ಬಯಲಲ್ಲಿ ಮಳೆಗಾಲಕ್ಕೆ ಪಾಚಿ ಹಿಡಿದಿರುತ್ತದಲ್ಲ, ಅದರ ಮೇಲೆ ಯಾವ ಬೂಟನ್ನೂ ನಂಬಬೇಡಿ, ಕೋಲು ಹಿಡಿಯಿರಿ. ಕಟ್ಟಡ ಕೆಲಸದ ಉಕ್ಕಿನ ಮೂತಿಯ ಬೂಟು ಕಾಡಿಗೆ ಬೇಡ. ಭಾರ, ಮೇಲಾಗಿ ಇಳುಕಲಲ್ಲಿ ಬೆರಳು ಜಜ್ಜುತ್ತದೆ.

ಹಾವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊಳಕುಮಂಡಲದಂಥ ನೆಲದ ಹಾವು ಹೆಚ್ಚಾಗಿ ಕಚ್ಚೋದು ಪಾದಕ್ಕೆ, ಕಣಕಾಲಿನ ಸುತ್ತ. ಅಲ್ಲಿ ಗಂಬೂಟು ನಿಜಕ್ಕೂ ಕಾಪಾಡುತ್ತದೆ, ಪೂರ್ತಿ ಗ್ಯಾರಂಟಿ ಅಲ್ಲ ಅಷ್ಟೆ. ಆದರೆ ಮಲಬಾರ್ ಪಿಟ್ ವೈಪರ್ ಪೊದೆ, ಕೊಂಬೆಯ ಮೇಲೆ ಕೈ ಎತ್ತರಕ್ಕೇ ಕೂತಿರುತ್ತದೆ. ಅದಕ್ಕೆ ಬೂಟು ಏನು ಮಾಡೀತು? ಟಾರ್ಚು ಬೇಕು. ಹೊಳೆ ದಾಟಲು ಕೂಡ ಗಂಬೂಟನ್ನು ನೆಚ್ಚಬೇಡಿ. ಒಮ್ಮೆ ಮೇಲಿಂದ ನೀರು ತುಂಬಿತೋ, ಹರಿವಿನಲ್ಲಿ ಕಾಲು ಎತ್ತಿ ಇಡೋದೇ ಕಷ್ಟ.

ಕೊಳ್ಳೋದು ಎಲ್ಲಿ? ಮಡಗಾಂವ್, ಮಾಪುಸಾ ಪೇಟೆಯ ಹಾರ್ಡ್‌ವೇರ್ ಅಂಗಡಿ, ವಾಸ್ಕೋದಲ್ಲಿ ಬಂದರಿನ ಕೆಲಸಗಾರರಿಗೆ ಸಾಮಾನು ಮಾರುವ ಅಂಗಡಿ ಕೇಳಿ ನೋಡಿ. ಮುಂಬಯಿಗೆ ಹೋಗುವವರು ಸಿಕ್ಕರೆ ಮಸ್ಜಿದ್ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟಿನಲ್ಲಿ ಆಯ್ಕೆ ಜಾಸ್ತಿ. ಮಡಚಿ, ಹಾಕಿ ನೋಡದೆ ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಮಾಡುವ ಅವಕಾಶ ಇರಲೇಬೇಕು.

ಮನೆಗೆ ತಂದ ಕೂಡಲೇ ಒಳಗೆ ಹಳೇ ಪೇಪರ್ ತುರುಕಿ, ನೀರಿನ ಬಕೆಟ್ಟಿನಲ್ಲಿ ಬಾಯಿ ಮುಳುಗದ ಹಾಗೆ ಅರ್ಧ ಗಂಟೆ ನಿಲ್ಲಿಸಿ. ಪೇಪರ್ ಒದ್ದೆಯಾದರೆ ಬಿಲ್ ಹಿಡಿದು ಅಂಗಡಿಗೆ. ಮಳೆಗಾಲ ಮುಗಿದ ಮೇಲೂ ಇದೇ ಪರೀಕ್ಷೆ. ಒಣಗಿಸೋದು ನೆರಳಲ್ಲಿ, ತಲೆಕೆಳಗಾಗಿ, ಇನ್‌ಸೋಲ್ ಹೊರಗೆ ತೆಗೆದು. ಒಲೆಯ ಹತ್ತಿರ, ಬಿಸಿಲಲ್ಲಿ ಇಟ್ಟರೆ ರಬ್ಬರ್ ಬೇಗ ಸೀಳುತ್ತದೆ. ಮೋಟರಿನ ಪಕ್ಕವೂ ಬೇಡ, ವಿದ್ಯುತ್ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರಿಗೆ ಆಗೋದಿಲ್ಲ. ಬೀರುವಿನಲ್ಲಿಟ್ಟ ರಬ್ಬರ್ ಬೂಟಿನ ಮೇಲೆ ಬಿಳಿ ಪುಡಿ ಕಂಡರೆ ಬೂಸ್ಟು ಅಂದುಕೊಂಡು ಗಾಬರಿಯಾಗಬೇಡಿ, ಹೆಚ್ಚಾಗಿ ಅದು ಒಳಗಿನ ಮೇಣ ಹೊರಗೆ ಬಂದದ್ದು. ಒರೆಸಿದರೆ ಹೋಗುತ್ತದೆ. ಹಾಕುವ ಮೊದಲು ಪ್ರತಿ ಸಲ ಬೋರಲು ಮಾಡಿ ಕೊಡವಿ, ಚೇಳಿಗೂ ಅದು ಒಳ್ಳೇ ಮನೆ.

ಮುಳ್ಳು ಚುಚ್ಚಿ ತೂತಾದರೆ ರಬ್ಬರ್ ಬೂಟನ್ನು ಸೈಕಲ್ ಅಂಗಡಿಗೆ ಒಯ್ಯಿರಿ: ಉಜ್ಜಿ, ಸೊಲ್ಯೂಷನ್ ಹಚ್ಚಿ, ಟ್ಯೂಬಿಗೆ ಹಾಕುವ ಪ್ಯಾಚನ್ನೇ ಹಾಕಿದರೆ ಆಯಿತು. ಪಿವಿಸಿಗೆ ಅದು ನಿಲ್ಲೋದಿಲ್ಲ, ಪಿವಿಸಿಗೆಂದೇ ಇರುವ ಅಂಟು ಬೇಕು. ಮಡಿಕೆಯಲ್ಲೇ ಸೀಳು ಬಿಟ್ಟಿದ್ದರೆ ಯಾವ ಅಂಟೂ ಬಾಳೋದಿಲ್ಲ. ಸೀಳು ಕಣಕಾಲಿನ ಹತ್ತಿರ ಇದ್ದರೆ ಅದರ ಕೆಳಗೆ ಕತ್ತರಿಸಿ, ಅಂಗಳ ತೊಳೆಯುವಾಗ ಹಾಕಿಕೊಳ್ಳಿ.