ಮ್ಯಾಪ್ ಮುಚ್ಚಿಟ್ಟು ಗೇಮ್ ಒಳಗೆ ದಾರಿ ಹುಡುಕೋದು ಹೇಗೆ

ನಮ್ಮ ಶಿರಸಿ ಕಡೆ ಆಟ ಅಂದ್ರೆ ಮೊದ್ಲು ಯಕ್ಷಗಾನ. "ಇವತ್ತು ಆಟ ಇದ್ದು" ಅಂತ ಯಾರಾದ್ರೂ ಅಂದ್ರೆ ಕಂಬಳಿ ಹೆಗಲ ಮೇಲೆ ಹಾಕ್ಕೊಂಡು ಹೊರಡೋದು ಅಷ್ಟೇ, ಕ್ರಿಕೆಟ್ಟಾ ಕಬಡ್ಡಿಯಾ ಅಂತ ಯಾರೂ ಕೇಳೋದಿಲ್ಲ. ಗದ್ದೆ ಬಯಲಲ್ಲಿ ನಾಲ್ಕು ಕಂಬ, ನಡುವೆ ಒಂದು ಮರದ ಪೀಠ, ಆ ಪೀಠಕ್ಕೇ ರಥ ಅಂತ ಹೆಸರು. ಭಾಗವತರು ಪದ ಎತ್ತಿ, ಚಂಡೆ ಬಿದ್ದು, ವೇಷ ರಂಗಸ್ಥಳದಲ್ಲಿ ಒಂದು ಸುತ್ತು ಹಾಕಿದ್ರೆ ಹಸ್ತಿನಾವತಿ ಬಿಟ್ಟು ದ್ವಾರಕೆಗೆ ಬಂದಾಯ್ತು, ಸಣ್ಣವನಿದ್ದಾಗ ನನಗೆ ಒಮ್ಮೆಯೂ "ಎಲ್ಲಿ ದ್ವಾರಕೆ, ಕಾಣ್ತಾನೇ ಇಲ್ವಲ್ಲ" ಅಂತ ಅನ್ನಿಸಿದ್ದಿಲ್ಲ.

ಇದನ್ನ ಯಾಕೆ ಹೇಳ್ತಿದ್ದೇನೆ ಅಂದ್ರೆ, ನೂರು ಜಿಬಿ ಡೌನ್‌ಲೋಡ್ ಮಾಡಿ ಆಡಿದ ಎಷ್ಟೋ ಗೇಮಲ್ಲಿ ಆ ಮರದ ಪೀಠ ಮಾಡಿದ ಕೆಲಸ ಆಗ್ಲಿಲ್ಲ, ಯಾಕೆ ಅಂತ ತುಂಬ ವರ್ಷ ತಲೆ ಕೆಡಿಸ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು. ಆಟದಲ್ಲಿ ಅರ್ಧ ಕೆಲಸ ನೋಡೋರದ್ದು. ಗೇಮಲ್ಲಿ ನಮ್ಮ ಪಾಲಿನ ಆ ಅರ್ಧವನ್ನ ಸ್ಕ್ರೀನಿನ ಮೂಲೆಯಲ್ಲಿರೋ ಗುಂಡಗಿನ ಮಿನಿಮ್ಯಾಪ್ ಮಾಡಿಬಿಡ್ತದೆ. ನಾವು ಊರು ನೋಡೋದಿಲ್ಲ, ಬೆಟ್ಟ ನೋಡೋದಿಲ್ಲ, ಒಂದು ಹಳದಿ ಗೆರೆ ಹಿಂದೆ ಓಡ್ತೇವೆ. ಗೇಮ್ ಮುಗಿದ ಮೇಲೆ ಆ ಊರಿನ ದಾರಿ ಒಂದೂ ನೆನಪಿರೋದಿಲ್ಲ. ಆ ಅರ್ಧ ಕೆಲಸವನ್ನ ವಾಪಸ್ ಕೈಗೆ ತಗೊಳ್ಳೋದು ಹೇಗೆ ಅಂತ ನಾನು ಮಾಡ್ಕೊಂಡು ಬಂದ ರೀತಿಯನ್ನೇ ಬರೀತಾ ಇದ್ದೇನೆ, ಮಾಡಿ ನೋಡಿ.

ಮೊದಲ್ನೇದು, ಗೇಮ್ ಆರಿಸೋದು. ಎಲ್ಲಾ ಗೇಮೂ ಮ್ಯಾಪ್ ಇಲ್ದೇ ನಿಲ್ಲೋದಿಲ್ಲ. ಪರೀಕ್ಷೆ ಸುಲಭ, ಗೇಮ್ ನಿಮಗೆ ಮಾಡೋಕೆ ಕೊಡೋ ಒಂದು ಕೆಲಸ ತಗೊಂಡು ಅದರ ವಿವರ ಓದಿ, ಅದರಲ್ಲಿ ದಾರಿ ಹೇಳಿದಾರಾ ನೋಡಿ. ನಮ್ಮೂರಲ್ಲಿ ಯಾರದ್ದಾದ್ರೂ ಮನೆ ಕೇಳಿ, "ಮುಂದೆ ಹೋದ್ರೆ ದೊಡ್ಡ ಹಲಸಿನ ಮರ ಸಿಕ್ತದೆ, ಅಲ್ಲಿ ಎಡಕ್ಕೆ ಇಳೀರಿ, ಹಳ್ಳಕ್ಕೆ ಸಂಕ ಇದೆ, ಸಂಕ ದಾಟಿದ್ರೆ ತೋಟ, ತೋಟದ ತಲೆ ಮೇಲೆ ಕಾಣೋ ಹೆಂಚಿನ ಮನೆ" ಅಂತಾರಲ್ಲ, 2002ರಲ್ಲಿ ಬಂದ ಮಾರೋವಿಂಡ್ ಇಡೀ ಗೇಮೇ ಹಾಗಿದೆ. ಸೇಡಾ ನೀನ್ ಅನ್ನೋ ಸಣ್ಣ ಊರಲ್ಲಿ ಹಡಗಿಂದ ಇಳಿಸಿ ಕೈಗೊಂದು ಕಾಗದದ ಕಟ್ಟು ಕೊಡ್ತಾರೆ, ಬಾಲ್ಮೋರಾಕ್ಕೆ ಹೋಗಿ ಕೇಯಸ್ ಕೊಸೇಡ್ಸ್ ಅನ್ನೋನಿಗೆ ಮುಟ್ಟಿಸಿ ಅಂತ. ಅವನ ಮನೆ ಎಲ್ಲಿ ಅಂದ್ರೆ ಸೌತ್ ವಾಲ್ ಅಂತ ಒಂದು ಹೆಂಡದಂಗಡಿ ಇದೆ, ಅಲ್ಲಿ ಕೇಳಬೇಕು. ಬಾಣದ ಗುರುತು ಇಲ್ಲ, ಹೊಳೆಯೋ ಚುಕ್ಕಿ ಇಲ್ಲ. ಊರ ಹೊರಗೆ ಸಿಲ್ಟ್ ಸ್ಟ್ರೈಡರ್ ಅಂತ ಮನೆಗಿಂತ ಎತ್ತರದ ಕಾಲಿನ ಹುಳ ನಿಂತಿರ್ತದೆ, ಅದೇ ಅಲ್ಲಿನ ಬಸ್ಸು, ಅದು ನರಳೋ ಸದ್ದು ಊರಿಗೆಲ್ಲಾ ಕೇಳ್ತದೆ. ನಾನು ಕಾಸು ಉಳಿಸಿ ನಡೆದೇ ಹೋಗಿದ್ದೆ, ಎರಡು ಸಲ ತಪ್ಪು ಕವಲು ಹಿಡಿದೆ, ಇವತ್ತಿಗೂ ಆ ದಾರಿ ಕಣ್ಣಿಗೆ ಕಟ್ಟಿದ ಹಾಗಿದೆ.

ಅದೇ ಕಂಪನಿಯ ಸ್ಕೈರಿಮ್, 2011ರದ್ದು, ನೋಡೋಕೆ ಎಷ್ಟೋ ಪಟ್ಟು ಚಂದ, ಹಿಮ ಬೀಳೋ ಬೆಟ್ಟ, ಆ ಸಂಗೀತ, ಎಲ್ಲಾ ಇದೆ. ಆದ್ರೆ ಅದರ ಮಾರ್ಕರ್, ಅಂದ್ರೆ ಹೋಗಬೇಕಾದ ಜಾಗಕ್ಕೆ ಗೇಮೇ ಹಾಕೋ ಗುರುತು, ತೆಗೆದ್ರೆ ಎಷ್ಟೋ ಕೆಲಸಕ್ಕೆ ದಿಕ್ಕೇ ಗೊತ್ತಾಗೋದಿಲ್ಲ, ಯಾಕಂದ್ರೆ ಮಾತಾಡೋ ಜನ ದಾರಿ ಹೇಳೋದಿಲ್ಲ, ಮಾರ್ಕರ್ ಇರ್ತದೆ ಅಂತ್ಲೇ ಬರೆದಿದ್ದು ಅದು. ಹಂಗಾಗಿ ಅದನ್ನ ಮಾರ್ಕರ್ ಇಟ್ಕೊಂಡೇ ಆಡಿ, ಆದ್ರೆ ಮ್ಯಾಪಲ್ಲಿ ಒತ್ತಿ ಒಂದೇ ಸಲಕ್ಕೆ ಹಾರಿ ಹೋಗೋ ಫಾಸ್ಟ್ ಟ್ರಾವೆಲ್ ಬಿಟ್ಟು ಊರ ಬಾಗಿಲಲ್ಲಿ ಸಿಗೋ ಕುದುರೆ ಗಾಡಿ ಹತ್ತಿ, ಅಷ್ಟು ಮಾಡಿದ್ರೂ ತುಂಬ ವ್ಯತ್ಯಾಸ ಆಗ್ತದೆ.

ಮ್ಯಾಪ್ ಪೂರ್ತಿ ತೆಗೆಯೋಕೆ ಹೆದರಿಕೆ ಆಗೋರು ಘೋಸ್ಟ್ ಆಫ್ ತ್ಸುಶಿಮಾದಿಂದ ಶುರು ಮಾಡಿ. 1274ರಲ್ಲಿ ಮಂಗೋಲರು ಜಪಾನಿನ ತ್ಸುಶಿಮಾ ದ್ವೀಪಕ್ಕೆ ನುಗ್ಗಿದ ಕಥೆ, 2020ರಲ್ಲಿ ಬಂತು. ಅದರಲ್ಲಿ ದಾರಿ ತೋರಿಸೋದು ಗಾಳಿ. ಕಂಟ್ರೋಲರ್‌ನ ಟಚ್‌ಪ್ಯಾಡನ್ನ ಮೇಲಕ್ಕೆ ಸವರಿದ್ರೆ ಗಾಳಿ ಎದ್ದು ಹುಲ್ಲು, ಎಲೆ ಎಲ್ಲಾ ಹೋಗಬೇಕಾದ ದಿಕ್ಕಿಗೆ ಬಾಗ್ತದೆ. ನರಿ ಕಂಡ್ರೆ ಅದರ ಹಿಂದೆ ಹೋಗಿ, ಗುಡಿಗೆ ಕರ್ಕೊಂಡು ಹೋಗ್ತದೆ. ಸ್ಕ್ರೀನ್ ಮೂಲೆಗೆ ನೋಡೋ ಚಟ ಬಿಡಿಸೋಕೆ ಇದಕ್ಕಿಂತ ಒಳ್ಳೇ ಗೇಮ್ ನಾನು ಕಂಡಿಲ್ಲ.

ಸೆಟ್ಟಿಂಗ್ಸ್ ವಿಷ್ಯ. ಮೊದಲ ಎರಡು ಮೂರು ಗಂಟೆ ಏನೂ ತೆಗೀಬೇಡಿ, ಬಟನ್ ಅಭ್ಯಾಸ ಆಗ್ಲಿ. ಆಮೇಲೆ ಒಂದೊಂದಾಗಿ ತೆಗೀರಿ. ಜೆಲ್ಡಾ ಬ್ರೆತ್ ಆಫ್ ದ ವೈಲ್ಡಲ್ಲಿ ಪ್ರೋ ಅಂತ ಒಂದು ಆಯ್ಕೆ ಇದೆ, ಹಾಕಿದ್ರೆ ಜೀವ ಎಷ್ಟು ಉಳಿದಿದೆ ಅಂತ ತೋರಿಸೋ ಹೃದಯದ ಚಿತ್ರ ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಹೋಗ್ತದೆ. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ರಾಡಾರ್, ಅಂದ್ರೆ ಅದರ ಮಿನಿಮ್ಯಾಪ್, ಆಫ್ ಮಾಡಬಹುದು, ಬೇಕಿದ್ರೆ ಬರೀ ದಿಕ್ಸೂಚಿ ಇಟ್ಕೋಬಹುದು, ಕಂಟ್ರೋಲರ್‌ನಲ್ಲಿ ಕೆಳಗಿನ ಬಾಣದ ಬಟನ್ ಒತ್ತಿ ಹಿಡಿದ್ರೆ ಅಲ್ಲೇ ಬದಲಾಯಿಸೋಕೆ ಬರ್ತದೆ. ಮಜಾ ಏನಂದ್ರೆ ರಾಡಾರ್ ಆಫ್ ಇದ್ದಾಗ ಜೊತೆಗೆ ಬರೋರು ಬಾಯಲ್ಲೇ ದಾರಿ ಹೇಳ್ತಾರೆ, ಮುಂದೆ ಬಲಕ್ಕೆ, ಹೊಳೆ ದಾಟಿ, ಅಂತ. ಮಾಡಿದವರು ಇದನ್ನ ಮೊದ್ಲೇ ಯೋಚ್ನೆ ಮಾಡಿ ಇಟ್ಟಿದಾರೆ ಅಂತ ಗೊತ್ತಾದ ದಿನ ನನಗೆ ನಿಜಕ್ಕೂ ಖುಷಿ ಆಗಿತ್ತು.

ಇನ್ನು ಕಿವಿ. ಗ್ರಾಫಿಕ್ಸ್ ಕಾರ್ಡಿಗೆ ಸುರಿಯೋ ದುಡ್ಡಲ್ಲಿ ಸ್ವಲ್ಪ ತೆಗೆದು ಒಂದು ಅಡ್ಡಿಲ್ಲ ಅನ್ನೋ ಹೆಡ್‌ಫೋನ್ ತಗೊಳ್ಳಿ, ಮಳೆಗಾಲದಲ್ಲಿ ನಮ್ಮ ಮನೆ ತಗಡಿನ ಮಾಡಿನ ಮೇಲೆ ಮಳೆ ಹೊಡೀವಾಗ ಸ್ಪೀಕರ್ ಹಾಕಿ ಏನೂ ಪ್ರಯೋಜನ ಇಲ್ಲ. ಕಿವಿ ಯಾಕೆ ಮುಖ್ಯ ಅಂತ ನನಗೆ ಕಲಿಸಿದ್ದು ಔಟರ್ ವೈಲ್ಡ್ಸ್, 2019ರ ಗೇಮು. ಟಿಂಬರ್ ಹಾರ್ತ್ ಅನ್ನೋ ಕಾಡಿನ ಗ್ರಹದಲ್ಲಿ, ರಾತ್ರಿ, ಬೆಂಕಿ ಪಕ್ಕ ಎಚ್ಚರ ಆಗ್ತದೆ. ಕೈಗೆ ಸಿಗ್ನಲ್‌ಸ್ಕೋಪ್ ಅಂತ ಒಂದು ಸಾಧನ ಬರ್ತದೆ, ಅದನ್ನ ಆಕಾಶಕ್ಕೆ ಹಿಡಿದು ನಿಧಾನ ತಿರುಗಿಸ್ಬೇಕು. ಒಂದು ಕಡೆ ಬ್ಯಾಂಜೋ ಕೇಳ್ತದೆ, ಸ್ವಲ್ಪ ಸರಿಸಿದ್ರೆ ಬ್ಯಾಂಜೋ ಕರಗಿ ಕೊಳಲು, ಇನ್ನೊಂದು ಕಡೆ ಹಾರ್ಮೋನಿಕಾ, ಮತ್ತೊಂದು ಕಡೆ ಡ್ರಮ್ಮು. ಮೊದಲೇ ಹೊರಟುಹೋದ ಯಾತ್ರಿಕರು ಒಬ್ಬೊಬ್ರೂ ಒಂದೊಂದು ಗ್ರಹದಲ್ಲಿ ಕೂತು ನುಡಿಸ್ತಾ ಇದಾರೆ, ಎಲ್ಲರದ್ದೂ ಒಂದೇ ಹಾಡು. ಗ್ರಹಗಳು ತಿರುಗ್ತಾ ಎರಡು ಒಂದೇ ಸಾಲಿಗೆ ಬಂದಾಗ ಎರಡು ವಾದ್ಯ ಒಟ್ಟಿಗೆ ಕೇಳ್ತದೆ. ನಾನು ಅಲ್ಲೇ ನಿಂತುಬಿಟ್ಟೆ. ಚಳಿಗಾಲದ ರಾತ್ರಿ ಗುಡ್ಡದಾಚೆ ಊರಲ್ಲಿ ಆಟ ಇದ್ರೆ ಚಂಡೆ ಸದ್ದು ನಮ್ಮ ಅಂಗಳಕ್ಕೆ ಬರ್ತಿತ್ತು, ಯಾವ ಊರು ಅಂತ ಅಪ್ಪ ಸದ್ದಿನ ಮೇಲೇ ಹೇಳ್ತಿದ್ರು, ನಾವು ಟಾರ್ಚ್ ಹಿಡ್ಕೊಂಡು ಚಂಡೆ ಬಂದ ದಿಕ್ಕಿಗೇ ಕಾಲುದಾರಿಯಲ್ಲಿ ಹೋಗ್ತಿದ್ವಿ. ಅದೇ ಅದು! ಈ ಗೇಮಲ್ಲಿ ಆಯುಧ ಇಲ್ಲ, ಲೆವೆಲ್ ಇಲ್ಲ, 22 ನಿಮಿಷಕ್ಕೊಮ್ಮೆ ಎಲ್ಲಾ ಮೊದಲಿಂದ ಶುರು ಆಗ್ತದೆ, ನಿಮ್ಮ ಹತ್ರ ಉಳಿಯೋದು ನಿಮಗೆ ಗೊತ್ತಾಗಿದ್ದು ಮಾತ್ರ. ಇದಕ್ಕಿಂತ ಹೆಚ್ಚು ಹೇಳೋದಿಲ್ಲ, ನೀವೂ ಯಾರ ಹತ್ರವೂ ಕೇಳ್ಬೇಡಿ, ವಿಡಿಯೋ ಅಂತೂ ನೋಡ್ಲೇಬೇಡಿ.

ಮುಂದಿನದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಗೇಮಿನ ಲೋಕವನ್ನ ನಮ್ಮ ಲೋಕದ ಬುದ್ಧಿಯಿಂದ್ಲೇ ಪರೀಕ್ಷೆ ಮಾಡಿ. ಗುಡುಗು ಶುರುವಾದ ಕೂಡ್ಲೇ ಅಮ್ಮ "ಕತ್ತಿ ಅಂಗಳದಿಂದ ಒಳಗೆ ತಾ" ಅಂತ ಕೂಗೋದು ಕೇಳಿ ಬೆಳೆದವರು ನಾವು. ಜೆಲ್ಡಾದಲ್ಲಿ ಗುಡುಗು ಮಳೆ ಬಂದಾಗ ಬೆನ್ನ ಮೇಲಿನ ಕಬ್ಬಿಣದ ಕತ್ತಿ ಕಿಡಿ ಕಿಡಿ ಅನ್ನೋಕೆ ಶುರು ಆಯ್ತು, ಯಾವ ಸೂಚನೆಯೂ ಇಲ್ಲ, ನಾನು ಅಮ್ಮನ ಮಾತು ನೆನಪಾಗಿ ಕತ್ತಿ ಗುರಾಣಿ ಎರಡೂ ತೆಗೆದಿಟ್ಟೆ, ಸಿಡಿಲು ಹೊಡೀಲಿಲ್ಲ. ಮಳೆ ಬಂದ್ರೆ ಬಂಡೆ ಜಾರ್ತದೆ, ಹತ್ತೋಕೆ ಆಗೋದಿಲ್ಲ. ಕೆಲವ್ರು ಇದಕ್ಕೆ ಬೈತಾರೆ, ನಾನು ಒಪ್ಪೋದಿಲ್ಲ, ಆಷಾಢದಲ್ಲಿ ಯಾಣದ ಕಡೆ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟವರಿಗೆ ಇದರಲ್ಲಿ ಬೈಯೋ ವಿಷ್ಯ ಏನೂ ಕಾಣ್ಲಿಕ್ಕಿಲ್ಲ. ಮಳೆ ಹೊಳವಾಗೋ ತನಕ ಬಂಡೆ ಸಂದಿಯಲ್ಲಿ ಕೂರಿ, ಕಟ್ಟಿಗೆ ಇಟ್ಟು, ಚಕಮಕಿ ಕಲ್ಲಿಟ್ಟು, ಕಬ್ಬಿಣದ ಆಯುಧದಿಂದ ಹೊಡೀರಿ, ಬೆಂಕಿ ಹತ್ತತದೆ. ಅದೇ ಬೆಂಕಿ ಬಯಲಲ್ಲಿ ಹಾಕಿದ್ರೆ ಮಳೆಗೆ ಆರಿ ಹೋಗ್ತದೆ. ಒಂದು ಲೋಕದ ನಿಯಮ ಹೀಗೆ ಎಲ್ಲಾ ಕಡೆ ಒಂದೇ ಥರ ಇದ್ರೆ ಅಲ್ಲಿ ನಮ್ಮ ತಲೆ ಓಡೋಕೆ ಶುರು ಆಗ್ತದೆ, ಆಮೇಲೆ ಅದು ಚಿತ್ರ ಅನ್ನೋದೇ ಮರೆತು ಹೋಗ್ತದೆ.

ಆ ಜೆಲ್ಡಾ ಗೇಮಿನ ನಿರ್ದೇಶಕ ಹಿಡೇಮಾರೋ ಫುಜಿಬಯಾಶಿ, ಅದರೊಳಗಿನ ರಾಜ್ಯ ಹೈರೂಲ್ ಎಷ್ಟು ದೊಡ್ಡದಿರಬೇಕು ಅಂತ ಅಂದಾಜು ಮಾಡೋಕೆ ತಾನಿದ್ದ ಕ್ಯೋಟೋ ಊರಿನ ಮ್ಯಾಪನ್ನೇ ಅದರ ಮೇಲೆ ಇಟ್ಟು ನೋಡಿದ್ರಂತೆ, ಇಲ್ಲಿಂದ ಅಲ್ಲಿಗೆ ನಡೆಯೋಕೆ ಎಷ್ಟು ಹೊತ್ತು ಅಂತ ತನಗೆ ಗೊತ್ತಿರೋ ಊರಲ್ವಾ. ನಾವೂ ಹಾಗೇ ಮಾಡಬಹುದು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ನಡೆದು ಟೈಮ್ ನೋಡ್ಕೊಳ್ಳಿ, ಶಿರಸಿ ಬಸ್ಟ್ಯಾಂಡಿಂದ ಮಾರಿಗುಡಿಗೆ ಹೋದಷ್ಟಾ, ಅದಕ್ಕಿಂತ ದೂರವಾ. ಒಮ್ಮೆ ಹಾಗೆ ಅಳತೆ ಸಿಕ್ಕಿದ್ರೆ ಜಾಗ ಮನಸ್ಸಲ್ಲಿ ಕೂತ್ಕೊಳ್ತದೆ. ಮಂಜಿಗೂ ಇಲ್ಲಿ ಪಾಲಿದೆ. ಕುಮಟಾದಿಂದ ಶಿರಸಿಗೆ 60 ಕಿಲೋಮೀಟರ್ ಆಸುಪಾಸು ಅಷ್ಟೇ, ಆದ್ರೆ ದೇವಿಮನೆ ಘಟ್ಟದಲ್ಲಿ ಮಂಜು ಕವಿದಾಗ ಮುಗಿಯೋದೇ ಇಲ್ಲ ಅನ್ನಿಸ್ತದಲ್ಲ. 2004ರ ಜಿಟಿಎ ಸ್ಯಾನ್ ಆಂಡ್ರಿಯಾಸ್ ಮೂರು ನಗರ ಹಿಡಿಸಿದ್ದೂ ಹಾಗೇ, ದೂರದ್ದನ್ನ ಮಂಜಲ್ಲಿ ಮುಚ್ಚಿ. ಅದರ ಹೊಸ ಆವೃತ್ತಿಯಲ್ಲಿ ಮಂಜು ಕಡಿಮೆ ಆಗಿ ಒಂದು ನಗರದಿಂದ ಇನ್ನೊಂದು ಕಾಣೋ ಹಾಗೆ ಆದಾಗ ಆ ರಾಜ್ಯವೇ ಸಣ್ಣದಾಗಿ ಹೋಯ್ತು. ಹಂಗಾಗಿ ಡ್ರಾ ಡಿಸ್ಟನ್ಸ್, ಅಂದ್ರೆ ಎಷ್ಟು ದೂರದ ತನಕ ಕಾಣ್ಬೇಕು ಅನ್ನೋದನ್ನ, ಹೆಚ್ಚು ಮಾಡೋ ಮಾಡ್ (ಆಡೋರೇ ಮಾಡಿ ಹಂಚೋ ಬದಲಾವಣೆ) ಹಾಕೋ ಮೊದ್ಲು ಯೋಚ್ನೆ ಮಾಡಿ.

ಒಂದು ನೋಟ್‌ಬುಕ್ ಇಟ್ಕೊಳ್ಳಿ. ನಾನು ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಹಿಂದಿನ ಬಿಳಿ ಕಡೆ ಪೆನ್ಸಿಲಲ್ಲಿ ಮ್ಯಾಪ್ ಬಿಡಿಸ್ತೇನೆ. ಇದು ಶುರುವಾಗಿದ್ದು ಸಬ್ನಾಟಿಕಾ ಆಡುವಾಗ, ಅದರಲ್ಲಿ ಮ್ಯಾಪೇ ಇಲ್ಲ. ಸಮುದ್ರದ ಗ್ರಹ, ನಿಮ್ಮ ಬಾಹ್ಯಾಕಾಶದ ಹಡಗು ಅರೋರಾ ಒಡೆದು ಬಿದ್ದಿದೆ, ನೀವು ಜೀವ ಉಳಿಸ್ಕೊಳ್ಳೋ ಒಂದು ಸಣ್ಣ ಪಾಡ್ (ಗೂಡಿನಂಥ ದೋಣಿ) ಒಳಗೆ ತೇಲ್ತಾ ಇದೀರಿ. ಆಗ ನಾನು ಕೆಲಸಕ್ಕೆ ಕಾರವಾರದಲ್ಲಿದ್ದೆ, ಸಂಜೆ ಬೀಚಲ್ಲಿ ಕೂತ್ರೆ ದೇವಗಡ ದ್ವೀಪದ ದೀಪಸ್ತಂಭದ ದೀಪ ಹತ್ತೋದು ಕಾಣ್ತಿತ್ತು, ಮೀನಿಗೆ ಹೋಗೋರು ಗುಡ್ಡದ ತುದಿ, ದೀಪ, ದ್ವೀಪದ ನೆರಳು ನೋಡಿ ಜಾಗ ಹಿಡೀತಾರೆ ಅಂತ ಅಲ್ಲೇ ಕೇಳಿ ಗೊತ್ತಾಗಿದ್ದು. ರೂಮಿಗೆ ಬಂದು ಗೇಮಲ್ಲಿ ಅದನ್ನೇ ಮಾಡಿದೆ: ಅರೋರಾದ ಮೂತಿ ಬೆನ್ನಿಗೆ ಬರೋ ಹಾಗೆ ಹೋದ್ರೆ ಏನು ಸಿಗ್ತದೆ, ಎಲ್ಲಿ ನೀರಿನ ಬಣ್ಣ ಹಸಿರಿಂದ ಕಪ್ಪಿಗೆ ತಿರುಗ್ತದೆ, ಎಷ್ಟು ಮೀಟರ್ ಆಳದಲ್ಲಿ ಕಡಲ ಪಾಚಿ ಕಾಡು ಶುರು. ಒಂದು ಮೂಲೆಗೆ "ಇಲ್ಲಿ ಕೂಗು ಕೇಳ್ತದೆ, ಹೋಗ್ಬೇಡ" ಅಂತ ಬರೆದಿದ್ದೆ. ರೀಪರ್ ಅನ್ನೋ ದೈತ್ಯ ಪ್ರಾಣಿ ಕಣ್ಣಿಗೆ ಬೀಳೋಕೆ ಎಷ್ಟೋ ಮೊದ್ಲೇ ಅದರ ಕೂಗು ಬರ್ತದೆ. ಆ ಹಾಳೆ ಇನ್ನೂ ಇದೆ, ಪೆನ್ಸಿಲ್ ಗೆರೆ ಮಾಸಿದೆ, ಆದ್ರೆ ಆ ಸಮುದ್ರದ ತಳ ನನಗೆ ಬಾಯಿಪಾಠ.

ಕೆಲಸ ಇಲ್ದೇ ಇರೋ ಹೊತ್ತನ್ನೂ ಬಿಡ್ಬೇಡಿ. ರೆಡ್ ಡೆಡ್ಡಲ್ಲಿ ಕುದುರೆ ಮೈ ತಿಕ್ಕಿ, ವ್ಯಾಲೆಂಟೈನ್ ಊರಿನ ಕೆಸರು ಬೀದಿಯಲ್ಲಿ ಸುಮ್ನೆ ನಡೀರಿ, ಎದುರಿಗೆ ಬಂದೋರನ್ನ ಮಾತಾಡ್ಸಿ, ಆಮೇಲೆ ನಾವು ಆಡೋ ಪಾತ್ರ ಆರ್ಥರ್ ಮಾರ್ಗನ್ನಿನ ಡೈರಿ ತೆಗೆದು ನೋಡಿ, ಅವನೇ ಕಂಡಿದ್ದನ್ನೆಲ್ಲಾ ಚಿತ್ರ ಬರೆದಿಟ್ಟಿರ್ತಾನೆ. ಕಿಂಗ್‌ಡಮ್ ಕಮ್ ಡೆಲಿವರೆನ್ಸಲ್ಲಿ 1403ರ ಬೊಹೇಮಿಯಾ (ಈಗಿನ ಚೆಕ್ ದೇಶದ ಭಾಗ), ನಾವು ಆಡೋ ಹೆನ್ರಿ ಕಮ್ಮಾರನ ಮಗ, ಅವನಿಗೆ ಓದೋಕೆ ಬರೋದಿಲ್ಲ, ಪುಸ್ತಕ ತೆಗೆದ್ರೆ ಅಕ್ಷರ ಎಲ್ಲಾ ಕಲಸಿ ಹೋಗಿರ್ತದೆ. ಮೊದ್ಲು ಅವನಿಗೆ ಅಕ್ಷರ ಕಲಿಸ್ಕೊಡೋನ ಹತ್ರ ಕರ್ಕೊಂಡು ಹೋಗಿ, ಕತ್ತಿ ಯುದ್ಧ ಆಮೇಲೆ. ಸಾಲು ಸಾಲಾಗಿ ಅಕ್ಷರ ಸರಿ ಹೋಗ್ತಾ ಬರೋದು ನೋಡೋದಿದ್ಯಲ್ಲ, ಅದನ್ನ ಅವಸರ ಮಾಡಿ ಕಳ್ಕೋಬೇಡಿ.

ಕರೆಂಟಿನ ಮಾತು ಹೇಳ್ದೇ ಮಲೆನಾಡಿನವರಿಗೆ ಗೇಮ್ ಬಗ್ಗೆ ಬರೆಯೋಕೆ ಆಗೋದಿಲ್ಲ. ಗಾಳಿ ಮಳೆಗೆ ತಂತಿ ಮೇಲೆ ಮರ ಬಿದ್ದು ಎರಡು ಗಂಟೆ ಆಟ ಹೋದದ್ದು ನನಗೆ ತುಂಬ ಸಲ ಆಗಿದೆ. ಡೆಸ್ಕ್‌ಟಾಪ್ ಇದ್ರೆ ಯುಪಿಎಸ್ ಇರ್ಲೇಬೇಕು, ಹತ್ತು ನಿಮಿಷ ಬಂದ್ರೂ ಸಾಕು. ಇಲ್ಲಾ ಮಳೆಗಾಲಕ್ಕೆ ಬ್ಯಾಟರಿ ಇರೋ, ಕೈಯಲ್ಲಿ ಹಿಡಿದು ಆಡೋ ನಿಂಟೆಂಡೋ ಸ್ವಿಚ್ ಥರದ್ದು ಒಳ್ಳೇದು. ದೊಡ್ಡ ಡೌನ್‌ಲೋಡ್ ಎಲ್ಲಾ ಮೇ ತಿಂಗಳಲ್ಲೇ ಮುಗಿಸಿ ಇಟ್ಕೊಳ್ಳಿ.

ನಿಲ್ಲಿಸೋದಕ್ಕೂ ಒಂದು ರೀತಿ ಇದೆ. ನಡುದಾರಿಯಲ್ಲಿ ಮೆನು ಒತ್ತಿ ಎದ್ದು ಹೋಗ್ಬೇಡಿ. ಹೆನ್ರಿ ಆದ್ರೆ ಅವನ ಹಾಸಿಗೆಗೆ ಕರ್ಕೊಂಡು ಹೋಗಿ ಮಲಗಿಸಿ, ಅಲ್ಲಿ ಸೇವ್ ಕೂಡ ಆಗ್ತದೆ. ಆರ್ಥರ್ ಆದ್ರೆ ಕುದುರೆ ಕಟ್ಟಿ, ಬೆಂಕಿ ಹಾಕಿ ಕೂರಿಸಿ. ಮರುದಿನ ಆನ್ ಮಾಡಿದಾಗ ಎಲ್ಲಿದ್ದೇನೆ ಅಂತ ಹುಡುಕೋದು ಬೇಡ, ಬೆಂಕಿ ಹತ್ರಾನೇ ಎಚ್ಚರ ಆಗ್ತದೆ, ಕುದುರೆ ಅಲ್ಲೇ ನಿಂತಿರ್ತದೆ, ಸೂರ್ಯ ಯಾವ ಕಡೆ ಅಂತ ನೋಡ್ಕೊಂಡು ಹೊರಟ್ರಾಯ್ತು.