ಗರಗಸದ ಮೆಷಿನ್ನು ಕೊಂಡವರು ಮೊದಲು ಅರ ಹಿಡಿಯಲು ಕಲಿಯಿರಿ

ಸೌದೆ ಕೊಯ್ಯುವಾಗ ಮೆಷಿನ್ನಿನಿಂದ ಹಿಟ್ಟಿನಂಥ ಪುಡಿ ಹಾರುತ್ತಿದ್ದರೆ ಕೊಯ್ಯುವವನಿಗೆ ನಾಚಿಕೆಯಾಗಬೇಕು. ಈಗಿನ ಹುಡುಗರಿಗೆ ಆಗುವುದಿಲ್ಲ. ಎರಡೂ ಕೈ ಕೊಟ್ಟು ದಿಮ್ಮಿಯ ಮೇಲೆ ಅದುಮುತ್ತಾರೆ, ಹೊಗೆ ಏಳುವವರೆಗೂ ಅದುಮುತ್ತಾರೆ, ಆಮೇಲೆ ಬೆವರು ಒರೆಸಿಕೊಂಡು ಬಂದು, "ಅತ್ತೆ, ಇದಕ್ಕೆ ಪವರ್ ಸಾಲದು, ಇನ್ನೂ ದೊಡ್ಡದು ತರಬೇಕು" ಎನ್ನುತ್ತಾರೆ. ಪವರ್ ಇರುವಷ್ಟು ಇದೆ, ಮಾರಾಯರೇ. ಹಲ್ಲಿನಲ್ಲಿ ಮೊನೆ ಇಲ್ಲ, ಅಷ್ಟೇ. ಹಲ್ಲು ಸರಿಯಿದ್ದರೆ ಮೆಷಿನ್ನು ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ, ಉದುರುವುದು ಪುಡಿಯಲ್ಲ, ಚಕ್ಕೆ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಮನೆಗಳಲ್ಲಿ ಸೌದೆಯ ಖರ್ಚು ಕಡಿಮೆಯಲ್ಲ. ಬಚ್ಚಲ ಹಂಡೆಗೆ ವರ್ಷವಿಡೀ ಬೇಕು, ಕೊಯ್ಲು ಶುರುವಾದರೆ ಅಡಿಕೆ ಬೇಯಿಸುವ ಹಂಡೆಗೆ ಬೇರೆ ಬೇಕು. ಆದರೂ ಮನೆಯ ಸೌದೆಗೆ 16 ಇಂಚಿನ ಬಾರ್, ಅಂದರೆ ಹಲ್ಲಿನ ಸರಪಳಿ ಸುತ್ತುವ ಪಟ್ಟಿ, ಇರುವ, ನಾಲ್ಕು ಕಿಲೋ ಆಸುಪಾಸಿನ, ಮೂವತ್ತು ಚಿಲ್ಲರೆ ಸಿಸಿಯ ಮೆಷಿನ್ನು ಧಾರಾಳವಾಗಿ ಸಾಕು. ಅದಕ್ಕಿಂತ ದಪ್ಪದ ಬೊಡ್ಡೆ ಬಂದರೆ ಎರಡೂ ಕಡೆಯಿಂದ ಕೊಯ್ಯಿರಿ. ನನ್ನ ತಮ್ಮನ ಮಗ ಮೊಬೈಲಿನಲ್ಲಿ ನೋಡಿ 58 ಸಿಸಿಯ, 22 ಇಂಚಿನದನ್ನು ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ. ಮೊದಲ ದಿನ ಊರಿಗೆಲ್ಲ ಸದ್ದು ಕೇಳಿಸಿದ, ಎರಡನೆಯ ದಿನ ಸೊಂಟ ಹಿಡಿದುಕೊಂಡ. ಅದರ ಸರಪಳಿ ತುಂಡಾದಾಗ ಪೇಟೆಯ ಯಾವ ಅಂಗಡಿಯಲ್ಲೂ ಅಳತೆಗೆ ಸರಿಯಾದದ್ದು ಸಿಗಲಿಲ್ಲ. ಹೆಸರಿರುವ ಕಂಪನಿಯದೋ ಅಲ್ಲವೋ ಎಂಬುದು ಆಮೇಲಿನ ಮಾತು. ಸರಪಳಿ, ಬಾರ್, ಫಿಲ್ಟರ್ ನಿಮ್ಮ ಪೇಟೆಯಲ್ಲಿ ಸಿಗುತ್ತದೆಯೇ, ಬಿಚ್ಚಿ ಸರಿಮಾಡುವವನು ಇದ್ದಾನೆಯೇ, ಇದನ್ನು ವಿಚಾರಿಸಿಕೊಂಡು ಆಮೇಲೆ ದುಡ್ಡು ಎಣಿಸಿ. ಮುಟ್ಟಿದ ಕೂಡಲೇ ಸರಪಳಿ ನಿಲ್ಲಿಸುವ ಬ್ರೇಕ್ ಇಲ್ಲದ ಮೆಷಿನ್ನನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಕರೆಂಟಿನದು ಅಂಗಳದಲ್ಲಿ ಸಣ್ಣ ಸೌದೆ ತುಂಡರಿಸಲು ಪರವಾಗಿಲ್ಲ, ನಮ್ಮ ವೋಲ್ಟೇಜನ್ನು ನಂಬಿ ಅದನ್ನೊಂದೇ ಇಟ್ಟುಕೊಳ್ಳಬೇಡಿ.

ಮರ ನಮ್ಮದೇ ಜಮೀನಿನಲ್ಲಿದೆ ಎಂದು ಸೀದಾ ಬುಡಕ್ಕೆ ಬಾರ್ ಇಡುವವರಿಗೂ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇನ್ನೂ ಇದೆ. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವನ್ನು ಬಿಟ್ಟರೆ ಅನುಮತಿ ಬೇಕು. ಕೇಳಿಕೊಂಡು ಕಡಿಯಿರಿ.

ಇನ್ನು ಎಣ್ಣೆ. ಬೇರೆಲ್ಲ ಕೆಲಸಕ್ಕೂ ನನ್ನದು ಕಣ್ಣಳತೆಯೇ, ಇದೊಂದರಲ್ಲಿ ಮಾತ್ರ ಬೇಡ. ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸುವುದನ್ನು ಮೆಷಿನ್ನಿನ ಪುಸ್ತಕದಲ್ಲಿ ಹೇಳಿದಷ್ಟೇ ಬೆರೆಸಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಕೆಮ್ಮಿನ ಔಷಧಿಯ ಮುಚ್ಚಳ ಯಾರ ಮನೆಯಲ್ಲಿ ಇಲ್ಲ? ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಹಿಡಿದುಕೊಂಡು ಮೆಷಿನ್ನು ಗುಜರಿಗೆ ಹೋಗುತ್ತದೆ. ಸರಪಳಿಗೆ ಹೋಗುವ ಎಣ್ಣೆಯ ಟ್ಯಾಂಕ್ ಬೇರೆ. ಅದಕ್ಕೆ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಸುರಿಯುವ ಜಾಣರನ್ನು ನೋಡಿದ್ದೇನೆ. ಅದರ ತುಂಬ ಲೋಹದ ಪುಡಿ, ಪಂಪನ್ನೂ ಬಾರನ್ನೂ ಒಟ್ಟಿಗೇ ತಿನ್ನುತ್ತದೆ. ಒಳ್ಳೆಯ ಅಂಟಿರುವ ಎಣ್ಣೆ ಹಾಕಿ, ಬಾರಿನ ತುದಿಯನ್ನು ಬಿಳಿ ತೊಗಟೆಯ ಮರದ ಎದುರು ಹಿಡಿದು ಜೋರು ಮಾಡಿ. ತೊಗಟೆಯ ಮೇಲೆ ಎಣ್ಣೆಯ ಗೀರು ಬಿದ್ದರೆ ಕೊಯ್ಯಿರಿ, ಬೀಳದಿದ್ದರೆ ನಿಲ್ಲಿಸಿ ಎಣ್ಣೆಯ ತೂತು ಬಿಡಿಸಿ.

ಈಗ ಹಲ್ಲಿನ ವಿಷಯ. ನಾನು ಸೊಸೆಯಾಗಿ ಬಂದಾಗ ಮನೆಯಲ್ಲಿ ಇಬ್ಬರು ಎಳೆಯುವ ಗರಗಸವಿತ್ತು. ಮಾವನವರು ಬೆಳಗ್ಗೆ ಕಾಫಿ ಆದಮೇಲೆ ಜಗಲಿಯಲ್ಲಿ ಕೂತು ಅದಕ್ಕೆ ಅರ ಹಾಕುತ್ತಿದ್ದರು, ನಾನು ಅಲುಗಾಡದಂತೆ ಹಿಡಿದುಕೊಳ್ಳುತ್ತಿದ್ದೆ. ಕೈ ಸ್ವಲ್ಪ ಅಲುಗಿದರೆ ಬೈಗುಳ. ಮೆಷಿನ್ನು ಬಂದಮೇಲೆ ಅವರು ಅದನ್ನು ಮುಟ್ಟಲಿಲ್ಲ. ಅವರ ಕೈಯಲ್ಲಿದ್ದ ಕೆಲಸ ನನಗೆ ಬಂತು.

ಮೊದಲು ಮೆಷಿನ್ನು ಆರಿಸಿ, ತಣಿಯಲು ಬಿಡಿ. ಒಂದು ಮರದ ಕುಂಟೆಯಲ್ಲಿ ಗೇಣಿಗಿಂತ ಕಡಿಮೆ ಆಳಕ್ಕೆ ಸೀಳು ಕೊಯ್ದಿಟ್ಟುಕೊಂಡಿದ್ದರೆ ಬಾರನ್ನು ಅದರಲ್ಲಿ ಕೂರಿಸಬಹುದು, ಅಲುಗಾಡುವುದಿಲ್ಲ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಸರಪಳಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಹಲ್ಲು ತೊನೆಯದಂತೆ ಸ್ವಲ್ಪ ಬಿಗಿ ಮಾಡಿ. ಹಲ್ಲಿನ ಅಂಚನ್ನು ಬಿಸಿಲಿಗೆ ತಿರುಗಿಸಿ ನೋಡಿ. ಅಂಚಿನಲ್ಲಿ ಬೆಳ್ಳಗೆ ಗೆರೆ ಹೊಳೆದರೆ ಅದು ಮೊಂಡು. ಚೂಪಾದ ಅಂಚು ಹೊಳೆಯುವುದಿಲ್ಲ, ಬೆಳಕು ನಿಲ್ಲಲು ಅಲ್ಲಿ ಜಾಗವೇ ಇರುವುದಿಲ್ಲ. ಎಲ್ಲಕ್ಕಿಂತ ಗಿಡ್ಡಾದ ಹಲ್ಲನ್ನು ಹುಡುಕಿ ಅದರ ಬೆನ್ನಿಗೆ ಎಲೆಯಡಿಕೆ ತಟ್ಟೆಯ ಸುಣ್ಣವನ್ನು ಒಂದು ಬೊಟ್ಟು ಇಡಿ. ನಗಬೇಡಿ. ಆ ಬೊಟ್ಟು ಇಲ್ಲದಿದ್ದರೆ ಎಲ್ಲಿ ಶುರು ಮಾಡಿದ್ದೆವೆಂದು ತಿಳಿಯದೆ ಕೆಲವು ಹಲ್ಲಿಗೆ ಎರಡು ಸಲ ಅರ ಬೀಳುತ್ತದೆ, ಕೆಲವಕ್ಕೆ ಬೀಳುವುದೇ ಇಲ್ಲ.

ಗುಂಡು ಅರ ಸರಪಳಿಯ ಅಳತೆಯದೇ ಆಗಬೇಕು. ಸಣ್ಣ ಮೆಷಿನ್ನಿನ ಸರಪಳಿಗೆ ಸಾಮಾನ್ಯವಾಗಿ 4 ಮಿಮೀ, ಅದಕ್ಕಿಂತ ದೊಡ್ಡದಕ್ಕೆ 4.8. ಅಂಗಡಿಯವನಿಗೆ ಸರಪಳಿಯನ್ನೇ ತೋರಿಸಿ ಕೇಳಿ. ಅರವನ್ನು ಹಲ್ಲಿನ ಕೊಕ್ಕೆಯೊಳಗೆ ಕೂರಿಸಿ, ಅದರ ಬೆನ್ನು ಹಲ್ಲಿನ ಬೆನ್ನಿಗಿಂತ ತುಸುವೇ ಮೇಲಿರಲಿ. ಹಲ್ಲಿನ ಮೇಲೆ ಓರೆಗೆರೆಯೊಂದು ಇರುತ್ತದೆ, ಅದಕ್ಕೆ ಸಮನಾಗಿ, ಸುಮಾರು 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ತಳ್ಳಿ. ತಳ್ಳುವುದು ಮಾತ್ರ, ಎಳೆಯುವುದಿಲ್ಲ. ಹಿಂದಕ್ಕೆ ಬರುವಾಗ ಅರವನ್ನು ಎತ್ತಿಕೊಂಡು ಬನ್ನಿ. ಗರಗರ ಎಂದು ಹಿಂದೆ ಮುಂದೆ ಉಜ್ಜುವವರ ಕೈಯಿಂದ ಅರ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ ನನಗೆ. ಗಿಡ್ಡ ಹಲ್ಲಿನ ಬಿಳಿ ಗೆರೆ ಎಷ್ಟು ಸಲ ತಳ್ಳಿದಾಗ ಹೋಯಿತೋ ಉಳಿದವಕ್ಕೂ ಅಷ್ಟೇ ಸಲ, ಆಮೇಲೂ ಉದ್ದ ಉಳಿದವಕ್ಕೆ ಒಂದೆರಡು ಹೆಚ್ಚು. ಒಂದು ಬದಿಯ ಹಲ್ಲನ್ನೆಲ್ಲ ಮುಗಿಸಿ, ಎದ್ದು ಆ ಕಡೆ ಹೋಗಿ ಕೂತು ಇನ್ನೊಂದು ಬದಿ. ಎದ್ದು ಹೋಗಲು ಸೋಮಾರಿತನ ಮಾಡಿ ಮಣಿಕಟ್ಟು ತಿರುಚಿ ಮಾಡಿದರೆ ಒಂದು ಬದಿ ಉದ್ದ, ಒಂದು ಬದಿ ಗಿಡ್ಡ ಆಗುತ್ತದೆ, ಕೊಯ್ಯುವಾಗ ಬಾರ್ ಒಂದೇ ಕಡೆಗೆ ವಾಲುತ್ತದೆ. ಹಲ್ಲಿನ ಮುಂದಿರುವ ಮೊಂಡು ಗುಬುಟನ್ನು ಚಪ್ಪಟೆ ಅರದಿಂದ ಯಾವಾಗಲೋ ಒಮ್ಮೆ ತುಸು ತಗ್ಗಿಸಿ, ಅದಕ್ಕೊಂದು ತಗಡಿನ ಅಳತೆ ಸಿಗುತ್ತದೆ. ಅಂದಾಜಿನಲ್ಲಿ ತಗ್ಗಿಸಿದರೆ ಮೆಷಿನ್ನು ಮರವನ್ನು ಕಚ್ಚಿ ಜಗ್ಗುತ್ತದೆ. ಮುಗಿದಮೇಲೆ ಬಿಗಿಯನ್ನು ಮೊದಲಿನಷ್ಟಕ್ಕೆ ಇಳಿಸಿ. ಬಾರಿಗೆ ತಾಗಿಕೊಂಡೇ ಇರಬೇಕು, ಬೆರಳಲ್ಲಿ ಎಳೆದರೆ ಸಲೀಸಾಗಿ ಸರಿಯಲೂ ಬೇಕು.

ಈ ಹಲ್ಲಿನ ಕಥೆಯನ್ನು ಮೊಮ್ಮಗ ಓದಿ ಹೇಳಿದ. ಅಮೆರಿಕದ ಆರೆಗನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವವನು ಬೊಡ್ಡೆಯೊಳಗೆ ದುಂಬಿಯ ಮರಿಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರ ತಿನ್ನುವುದನ್ನು ನೋಡಿ, ಅದೇ ಕ್ರಮದ ಹಲ್ಲು ಮಾಡಿ 1947ರಲ್ಲಿ ಮಾರಾಟಕ್ಕೆ ತಂದನಂತೆ. ನಮ್ಮ ಕಾಫಿಯವರ ನಿದ್ದೆ ಕೆಡಿಸುವ ಬಿಳಿ ಕಾಂಡಕೊರಕದ ಬಳಗದ್ದೇ ಹುಳು.

ತೆಂಗಿನ ಬೊಡ್ಡೆ, ಮಣ್ಣು ಮೆತ್ತಿದ ದಿಮ್ಮಿ, ತಂತಿ ನುಂಗಿದ ಬೇಲಿಯ ಮರ, ಇವು ಹಲ್ಲಿನ ಶತ್ರುಗಳು. ದಿಮ್ಮಿಯನ್ನು ಅಡ್ಡಮರದ ಮೇಲೆ ಎತ್ತಿಟ್ಟು ಕೊಯ್ಯಿರಿ, ಬಾರ್ ನೆಲ ಮುಟ್ಟಬಾರದು. ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮೆಷಿನ್ನು ಮುಖದ ಕಡೆಗೇ ಎಗರುತ್ತದೆ. ಪಂಚೆ ಉಟ್ಟು, ಚಪ್ಪಲಿ ಮೆಟ್ಟಿ ಕೊಯ್ಯುವವರಿಗೆ ನಾನು ಮಜ್ಜಿಗೆಯನ್ನೂ ಕೊಡುವುದಿಲ್ಲ. ಹಸಿ ಹಲಸು ಕೊಯ್ದ ದಿನ ಸರಪಳಿಗೆ ಮೇಣ ಹಿಡಿದರೆ ಸೀಮೆಎಣ್ಣೆಯಲ್ಲೇ ಬಿಡಿಸಬೇಕು. ಮೆಟ್ಟುಗತ್ತಿಗೂ ಹೀಗೆಯೇ: ಹಲಸಿನಕಾಯಿ ಹೆಚ್ಚುವ ಮೊದಲು ಕೊಬ್ಬರಿ ಎಣ್ಣೆ ಸವರಿ ಎಂದು ಎಷ್ಟು ಹೇಳಿದರೂ ಕೇಳದೆ, ಆಮೇಲೆ ಸೋಪು ಹಾಕಿ ತಿಕ್ಕುತ್ತಾ ಕೂರುತ್ತಾರೆ.

ಕೆಲಸ ಮುಗಿದ ಸಂಜೆ ಬಾರ್ ಬಿಚ್ಚಿ, ಅದರ ಸಂದಿಯ ಗಸಿಯನ್ನು ಹಿಡಿಕಡ್ಡಿಯಿಂದ ಎಳೆದು ತೆಗೆಯಿರಿ. ಮತ್ತೆ ಹಾಕುವಾಗ ಮೇಲಿನ ಅಂಚು ಕೆಳಗೆ ಬರುವಂತೆ ತಿರುವಿ ಹಾಕಿದರೆ ಎರಡೂ ಬದಿ ಸಮನಾಗಿ ಸವೆಯುತ್ತದೆ. ಏರ್ ಫಿಲ್ಟರಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಮಳೆಗಾಲಕ್ಕೆ ಎತ್ತಿಡುವಾಗ ಟ್ಯಾಂಕ್ ಬಗ್ಗಿಸಿ, ಉಳಿದ ಪೆಟ್ರೋಲ್ ಮುಗಿದು ತಾನಾಗಿ ಆರುವವರೆಗೆ ಓಡಿಸಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ, ನಮ್ಮ ಮಳೆಯ ತೇವಕ್ಕೆ ನೀರು ಎಳೆದುಕೊಂಡು ಕಾರ್ಬ್ಯುರೇಟರ್ ಕೆಡಿಸುತ್ತದೆ. ಬೆಚ್ಚಗಿರುತ್ತದೆಂದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡುವ ಮಹಾನುಭಾವರೂ ಇದ್ದಾರೆ, ಅವರಿಗೆ ಏನು ಹೇಳುವುದೋ ತಿಳಿಯದು.

ಮೆಷಿನ್ನು ಕೇಳಿಕೊಂಡು ನೆಂಟರು ಬಂದೇ ಬರುತ್ತಾರೆ. ಇಲ್ಲ ಎನ್ನಲು ಬಾರದಿದ್ದರೆ ಅರ ಹಾಕಿದ ಸರಪಳಿಯನ್ನು ಬಿಚ್ಚಿ ಒಳಗಿಟ್ಟುಕೊಂಡು, ಹಳೆಯದನ್ನು ಹಾಕಿ ಕೊಡಿ.