ನಾಲ್ಕು ಬಾಡಿಗೆ ಮನೆಗಳ ಲೆಕ್ಕ: ಅಡ್ವಾನ್ಸ್, ನೀರು ಮತ್ತು ಖಾಲಿ ತಿಂಗಳು

ಬೆಂಗಳೂರಿನ ಕನಕಪುರ ರಸ್ತೆಯ ಕಡೆ, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ ನನಗೆ 30x40ರ ಸೈಟೊಂದಿತ್ತು. ಕೈಯಲ್ಲಿದ್ದ ಪಿ.ಎಫ್. ಹಣಕ್ಕೆ ಸ್ವಲ್ಪ ಸಾಲ ಸೇರಿಸಿ ಅಲ್ಲಿ ನಾಲ್ಕು ಬಾಡಿಗೆ ಮನೆಗಳನ್ನು ಕಟ್ಟಿಸಿ ಹತ್ತು ವರ್ಷಗಳಾಗುತ್ತ ಬಂದಿವೆ. ಸೈಟಿನ ಇಂದಿನ ಬೆಲೆಯನ್ನೂ ಬಂಡವಾಳವೆಂದು ಹಿಡಿದರೆ, ತೆರಿಗೆ, ರಿಪೇರಿ ಮತ್ತು ಖಾಲಿ ತಿಂಗಳುಗಳನ್ನು ಕಳೆದ ಮೇಲೆ ನನಗೆ ಉಳಿಯುವುದು ವರ್ಷಕ್ಕೆ ಶೇ. 3ರಿಂದ 4ರಷ್ಟು ಮಾತ್ರ. ಗೃಹಸಾಲದ ಬಡ್ಡಿ ಶೇ. 8ರ ಆಚೀಚೆ ಇರುವಾಗ ‘ಬಾಡಿಗೆಯಲ್ಲೇ ಕಂತು ತೀರುತ್ತದೆ’ ಎಂಬ ಮಾತು ಬ್ರೋಕರ್ ಬಾಯಲ್ಲಿ ಕೇಳುವುದಕ್ಕಷ್ಟೇ ಚೆನ್ನ. ಜಾಗದ ಬೆಲೆ ಏರುತ್ತದೆ ನಿಜ, ಆದರೆ ಅದು ಮಾರಿದ ದಿನ ಬರುವ ಹಣ; ಪ್ರತಿ ತಿಂಗಳ ವ್ಯವಹಾರ ನಿಲ್ಲುವುದೋ ಬೀಳುವುದೋ ಎಂಬುದನ್ನು ತೀರ್ಮಾನಿಸುವುದು ಬಾಡಿಗೆಯ ಮೊತ್ತಕ್ಕಿಂತ ಹೆಚ್ಚಾಗಿ ಮನೆ ಖಾಲಿ ಬೀಳುವ ತಿಂಗಳುಗಳು.

ಇದು ಸರಿಯಾಗಿ ಅರ್ಥವಾದದ್ದು 2020ರಲ್ಲಿ. ಬೆಂಗಳೂರಿನ ರೂಢಿಯಂತೆ ನಮ್ಮ ಬೀದಿಯ ಮಾಲೀಕರೆಲ್ಲ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ತೆಗೆದುಕೊಂಡಿದ್ದರು. ಅನೇಕರು ಆ ಹಣವನ್ನು ಮೇಲಿನ ಅಂತಸ್ತಿಗೋ ಮಗಳ ಮದುವೆಗೋ ಹಾಕಿಬಿಟ್ಟಿದ್ದರು. ಒಬ್ಬರು ಬಿಟ್ಟಾಗ ಇನ್ನೊಬ್ಬರ ಅಡ್ವಾನ್ಸ್‌ನಿಂದ ತೀರಿಸುವುದು ಇಲ್ಲಿ ಯಾರೂ ಆಕ್ಷೇಪಿಸದ ಪದ್ಧತಿ. ಆದರೆ ಲಾಕ್‌ಡೌನ್‌ನಲ್ಲಿ ಐಟಿ ಕೆಲಸದವರು ಊರಿನಿಂದಲೇ ಕೆಲಸ ಮಾಡಲು ಹೊರಟು, ಬೀದಿಯುದ್ದಕ್ಕೂ ಟು-ಲೆಟ್ ಬೋರ್ಡ್‌ಗಳು ನೇತಾಡಲು ತೊಡಗಿದಾಗ, ಅಡ್ವಾನ್ಸ್ ವಾಪಸ್ ಕೇಳುವವರು ನಾಲ್ಕು ಜನ, ಹೊಸದಾಗಿ ತರುವವರು ಯಾರೂ ಇಲ್ಲ ಎಂಬ ಸ್ಥಿತಿ ಬಂತು. ನನ್ನ ನಾಲ್ಕರಲ್ಲಿ ಎರಡು ಮನೆಗಳು ಖಾಲಿಯಾದವು. ಅಡ್ವಾನ್ಸ್ ಮೊತ್ತವನ್ನು ಬೇರೆ ಖಾತೆಯಲ್ಲಿ ಠೇವಣಿ ಇಟ್ಟಿದ್ದರಿಂದ ಬೀಗದ ಕೈ ಪಡೆದ ದಿನವೇ ಚೆಕ್ ಕೊಡಲು ಸಾಧ್ಯವಾಯಿತು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಠೇವಣಿಯನ್ನು ಮಿತಿಯೆಂದು ಹೇಳುತ್ತದೆ. ನಾನೀಗ ಐದು ತಿಂಗಳದ್ದು ಪಡೆಯುತ್ತೇನೆ. ಬಾಡಿಗೆ ನಿಲ್ಲಿಸಿದವರನ್ನು ಬಿಡಿಸಲು ತಗಲುವ ಕಾಲವನ್ನು ನೋಡಿದರೆ ಎರಡು ತಿಂಗಳು ಸಾಲದೆಂಬುದು ನನ್ನ ಅಭಿಪ್ರಾಯ, ಬಾಡಿಗೆದಾರರು ಒಪ್ಪಲಿಕ್ಕಿಲ್ಲ.

ಭೋಗ್ಯಕ್ಕೆ ಕೊಡುವುದರಿಂದ ಮಾತ್ರ ನಾನು ದೂರ ಉಳಿದಿದ್ದೇನೆ. ಒಂದೇ ಗಂಟಿನಲ್ಲಿ ಎಂಟೋ ಹತ್ತೋ ಲಕ್ಷ ಪಡೆದು ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಬಿಟ್ಟುಕೊಡುವ ಈ ವ್ಯವಸ್ಥೆ ಅಡ್ವಾನ್ಸ್‌ನ ಅಪಾಯವನ್ನೇ ಹತ್ತುಪಟ್ಟು ಮಾಡುತ್ತದೆ. ಸಾಲದ್ದಕ್ಕೆ, ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಿದ್ದರೂ ಬಹಳಷ್ಟು ಜನ ಸ್ಟಾಂಪ್ ಪೇಪರಿನಲ್ಲೇ ಮುಗಿಸುತ್ತಾರೆ. ಎಲ್ಲೆಡೆ ಕಾಣುವ ಹನ್ನೊಂದು ತಿಂಗಳ ಕರಾರಿನ ಗುಟ್ಟೂ ಇದೇ ಕಾಯ್ದೆಯಲ್ಲಿದೆ. ಇನ್ನು, 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲವಾದ್ದರಿಂದ, ಇಂದಿನ ಬಹುತೇಕ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುತ್ತವೆ. ಅಲ್ಲಿ ಕರಾರಿನಲ್ಲಿ ಏನು ಬರೆದಿದೆಯೋ ಅದಕ್ಕೇ ತೂಕ. ನನ್ನ ಕರಾರಿನಲ್ಲಿ ನೋಟಿಸ್ ಅವಧಿ, ವರ್ಷದ ಶೇ. 5ರ ಏರಿಕೆ, ಬಿಡುವಾಗ ಬಣ್ಣದ ಬಾಬ್ತು ಎಷ್ಟು ಹಿಡಿಯಲಾಗುತ್ತದೆ ಎಂಬುದು, ನೀರಿನ ಹಂಚಿಕೆ, ಇವಿಷ್ಟೂ ಬಿಡಿಬಿಡಿಯಾಗಿ ಇವೆ.

ನೀರಿನ ಮಾತು ಬಂದದ್ದರಿಂದ ಅದನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಬಾಡಿಗೆದಾರರು ಮನೆ ಬಿಡುವುದಕ್ಕೆ ನಾನು ಕಂಡ ದೊಡ್ಡ ಕಾರಣ ಅದೇ. ನಾಲ್ಕೂ ಮನೆಗೆ ಒಂದೇ ಓವರ್‌ಹೆಡ್ ಟ್ಯಾಂಕ್ ಇಟ್ಟರೆ, ವಾಷಿಂಗ್ ಮೆಷಿನ್ ಇರುವ ಮನೆಯೊಂದು ಬೆಳಗ್ಗೆಯೇ ಅದನ್ನು ಬರಿದು ಮಾಡುತ್ತದೆ, ಜಗಳ ಮಾಲೀಕನ ಬಾಗಿಲಿಗೆ ಬರುತ್ತದೆ. ಕಟ್ಟುವಾಗಲೇ ತಾರಸಿಯ ಮೇಲೆ ಮನೆಗೊಂದರಂತೆ 500 ಲೀಟರಿನ ಪ್ರತ್ಯೇಕ ಟ್ಯಾಂಕ್ ಮತ್ತು ಪ್ರತ್ಯೇಕ ಪೈಪು ಹಾಕಿಸಿದೆ. ಪ್ಲಂಬರ್ ವೃಥಾ ಖರ್ಚೆಂದು ಗೊಣಗಿದರೂ, 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರನ್ನೇ ನಂಬಬೇಕಾದಾಗ ಯಾರ ಪಾಲು ಎಷ್ಟೆಂಬುದು ವಾದವಿಲ್ಲದೆ ಕಣ್ಣಿಗೆ ಕಾಣುತ್ತಿತ್ತು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ. ಎಂದು ದರ ಕಟ್ಟಿತ್ತು. ಆ ದರಕ್ಕೆ ನಮ್ಮ ಕಡೆ ಬಂದ ಟ್ಯಾಂಕರ್ ಕಡಿಮೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ 110 ಹಳ್ಳಿಗಳಿಗಾಗಿಯೇ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಯಾಯಿತು. ಈಗ ಮನೆ ನೋಡಲು ಬರುವವರು ‘ಕಾವೇರಿ ಇದೆಯಾ?’ ಎಂದು ಕೇಳಿದ ಮೇಲೆಯೇ ಅಡುಗೆಮನೆಗೆ ಕಾಲಿಡುತ್ತಾರೆ.

ವಿದ್ಯುತ್ ಮೀಟರ್ ಕೂಡ ಮನೆಗೊಂದು ಇರಬೇಕು. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಒಂದೇ ಮೀಟರಿಗೆ ಸಬ್-ಮೀಟರ್ ಹಾಕಿದ ಕಟ್ಟಡಗಳವರು ತಿಂಗಳಿಗೆ ಗರಿಷ್ಠ 200 ಯೂನಿಟ್‌ನ ಆ ಸೌಲಭ್ಯವನ್ನು ಹಂಚಿಕೊಳ್ಳಬೇಕಾಯಿತು. ಮನೆ ಬಿಡುವವರು ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಿಸಿದ ತಮ್ಮ ಆಧಾರ್ ಅನ್ನು ಬಿಡಿಸದೆ ಹೋದರೆ ಹೊಸಬರ ಅರ್ಜಿ ಸ್ವೀಕಾರವಾಗದು. ಆದ್ದರಿಂದ ಬೀಗದ ಕೈ ಪಡೆಯುವಾಗ ಅವರ ಮೊಬೈಲ್‌ನಲ್ಲೇ ಆ ಕೆಲಸ ಮುಗಿಸಿಕೊಳ್ಳುತ್ತೇನೆ.

ಆದಾಯ ತೆರಿಗೆಯಲ್ಲಿ ತಿಳಿದಿರಬೇಕಾದದ್ದು ಸ್ವಲ್ಪವೇ. ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ನ್ನು ಖರ್ಚೆಂದು ಬಿಡುತ್ತಾರೆ. ರಿಪೇರಿ ಬಿಲ್ಲುಗಳನ್ನು ತೋರಿಸಬೇಕಾಗಿಲ್ಲ, ತೋರಿಸಿದರೂ ಹೆಚ್ಚು ಸಿಗುವುದಿಲ್ಲ. ಸಾಲ ಮಾಡಿ ಬಾಡಿಗೆಗೆ ಮನೆ ಕೊಂಡವರು ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಯಿಂದಾದ ನಷ್ಟದಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು, ಹೊಸ ಪದ್ಧತಿಯಲ್ಲಿ ಆ ಅವಕಾಶವಿಲ್ಲ. ತೆರಿಗೆ ಉಳಿಸಲೆಂದೇ ಫ್ಲ್ಯಾಟ್ ಕೊಳ್ಳಹೊರಟವರು ಇದನ್ನು ಮೊದಲು ನೋಡಿಕೊಳ್ಳಲಿ.

ನನ್ನ ಮೊದಲನೇ ಮಹಡಿಯ ಮನೆಗೆ ಈಗ 13,500 ರೂ. ಬರುತ್ತಿದೆ, ಅಕ್ಕಪಕ್ಕದಲ್ಲಿ ಅಂಥದಕ್ಕೇ 15,000 ಕೇಳುತ್ತಾರೆ. ವರ್ಷಕ್ಕೆ 18,000 ಬಿಟ್ಟುಕೊಡುತ್ತಿದ್ದೀರಿ ಎಂದು ಮಗ ಹೇಳುತ್ತಾನೆ. ಈಗಿರುವ ಬಾಡಿಗೆದಾರರು ಹೋದರೆ ಒಂದು ತಿಂಗಳ ಬಾಡಿಗೆ ಖಾಲಿ, ಬ್ರೋಕರಿಗೆ ಒಂದಿಷ್ಟು, ಸಣ್ಣಪುಟ್ಟ ರಿಪೇರಿ, ಇಷ್ಟರಲ್ಲೇ ಆ 18,000 ಕರಗುತ್ತದೆ. ಬರುವವರು ಹೇಗಿರುತ್ತಾರೋ ಎಂಬುದು ಬೇರೆ. ಈ ವರ್ಷವೂ ಅವರಿಗೆ ಕರಾರಿನ ಶೇ. 5ರಷ್ಟೇ ಏರಿಸಿ, ಕಾಗದಕ್ಕೆ ಸಹಿ ಹಾಕಿಸಿಕೊಂಡೆ.